ಪಡುವಣದಲ್ಲಿ ಮೂಡುವ ಚಂದ್ರ: ಧಾರವಾಡದ ಓದುಗರ ನಡುವೆ ನಾಲ್ಕು ದಿನ

ಶುಕ್ರವಾರ

ಹಿಂದಿನ ರಾತ್ರಿ ಮೈಸೂರಿನಿಂದ ಹೊರಟಿದ್ದ ರೈಲು ರಾಣೆಬೆನ್ನೂರು ದಾಟುವ ಹೊತ್ತಿಗೆ ಬೆಳಕು ಹರಿಯಿತು. ಬ್ಯಾಡಗಿ, ಹಾವೇರಿ, ಸವಣೂರು, ಯಲವಿಗಿ ಎಂದು ನಿಲ್ದಾಣಗಳ ಹಳದಿ ಫಲಕಗಳನ್ನು ಓದುತ್ತ ಕಿಟಕಿಯ ಬಳಿ ಕುಳಿತಿದ್ದ ನನಗೆ, ಕುಂದಗೋಳ ಸಮೀಪಿಸುತ್ತಿದ್ದಂತೆ ಎರೆಭೂಮಿಯ ಕಪ್ಪು ಕಣ್ತುಂಬ ಕಂಡಿತು. ಜನವರಿಯ ಹಿಂಗಾರಿ ಜೋಳ ಆಳೆತ್ತರ ಬೆಳೆದು ತೆನೆ ತೂಗುತ್ತಿತ್ತು. ಹೊಲದ ಅಂಚಿಗೆ ಕುಸುಬೆಯ ಮುಳ್ಳುಗಿಡಗಳ ಸಾಲಿತ್ತು. ನನ್ನ ತಾಯಿಯ ತವರು ನವಲಗುಂದದ ಕಡೆಗಿರುವುದರಿಂದ ಈ ನೆಲ ನನಗೆ ಹೊಸದಲ್ಲ. ಆದರೆ ಬರೆಯುವವಳಾಗಿ, ಓದುವವರು ಕರೆದಿದ್ದಾರೆಂದು ಈ ಕಡೆಗೆ ಬಂದದ್ದು ಇದೇ ಮೊದಲು.

ಕರೆ ಬಂದದ್ದು ನವೆಂಬರಿನಲ್ಲಿ, ಅಂಚೆಯ ಮೂಲಕ. ವಿಜ್ಞಾನ ಕಥೆ, ಮಾಯಾಲೋಕದ ಕಥೆ, ಆಗದಿರುವುದು ಆದರೆ ಹೇಗೆಂದು ಕಲ್ಪಿಸುವ ಕಥೆ, ಇವನ್ನೆಲ್ಲ ಓದುವ ಕೆಲವರು ಧಾರವಾಡದಲ್ಲಿ ಎರಡು ದಿನ ಸೇರಲಿದ್ದಾರೆಂದೂ, ನಾನು ಅತಿಥಿಯಾಗಿ ಬರಬೇಕೆಂದೂ ಆ ಪತ್ರದಲ್ಲಿ ಬರೆದಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಇರುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಅದರ ಕೆಳಗೆ ಇನ್ನೊಂದು ಷರತ್ತಿತ್ತು: ಎರಡೂ ದಿನ ಪೂರ್ತಿ ಇರಬೇಕು, ಭಾಷಣ ಮುಗಿಸಿ ಎದ್ದು ಹೋಗುವಂತಿಲ್ಲ. ಆ ಸಾಲನ್ನು ಓದಿದ ಮೇಲೆ ಬರುವುದಿಲ್ಲವೆನ್ನುವುದು ನನ್ನಿಂದ ಆಗಲಿಲ್ಲ.

2019ರ ಜನವರಿಯಲ್ಲಿ ಇದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ 84ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಕೇಳುಗಳಾಗಿ ಬಂದಿದ್ದೆ. ಆ ಜನಸಾಗರವನ್ನೂ, ಪುಸ್ತಕದ ಮಳಿಗೆಗಳ ಮುಂದಿನ ನೂಕುನುಗ್ಗಲನ್ನೂ ಕಂಡು ಮನಸ್ಸು ತುಂಬಿತ್ತು. ಆದರೂ ವೇದಿಕೆ ದೂರದಲ್ಲಿತ್ತು, ಮಾತನಾಡುವವರು ಮೇಲೆ, ಕೇಳುವವರು ಕೆಳಗೆ. ನಾನು ಬರೆಯುವಂಥ ಕಥೆಗಳಿಗೆ ಅಲ್ಲಿ ಯಾವ ಗೋಷ್ಠಿಯಲ್ಲಿ ಜಾಗವಿದ್ದೀತೆಂದು ಆಹ್ವಾನ ಪತ್ರಿಕೆಯನ್ನು ಎರಡು ಬಾರಿ ತಿರುವಿ ನೋಡಿದ್ದೂ ನೆನಪಿದೆ. ಅದಕ್ಕೆ ಕೆಲವು ವರ್ಷ ಮೊದಲು ಒಬ್ಬ ಪ್ರಕಾಶಕರು ನನ್ನ ಮೊದಲ ಹಸ್ತಪ್ರತಿಯನ್ನು, ಗ್ರಹ ನಕ್ಷತ್ರಗಳ ಕಥೆಯೆಂದರೆ ಮಕ್ಕಳಿಗಲ್ಲವೇ ಎಂದು ಹಿಂದಿರುಗಿಸಿದ್ದರು. ಈ ಬಗೆಯ ಬರವಣಿಗೆಗೆ ಕನ್ನಡದಲ್ಲಿ ಓದುಗರಿದ್ದಾರೆಯೇ ಎಂಬ ಸಂದೇಹ ಅಂದಿನಿಂದ ನನ್ನೊಳಗೆ ಉಳಿದಿತ್ತು.

ಧಾರವಾಡದ ನಿಲ್ದಾಣಕ್ಕೆ ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ಉಳಿಯುವ ವ್ಯವಸ್ಥೆ ಸಾಧನಕೇರಿಯ ಹತ್ತಿರದ ಒಂದು ಮನೆಯಲ್ಲಿತ್ತು. ಬೇಂದ್ರೆಯವರು ಬಾಳಿದ ಆ ಓಣಿಯಲ್ಲಿ ಸಂಜೆ ಕೆರೆಯ ಸುತ್ತ ಒಂದು ಸುತ್ತು ನಡೆದು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟ ಮಾಡಿ ಬೇಗ ಮಲಗಿದೆ.

ಶನಿವಾರ

ಕಾಲೇಜೊಂದರ ಸಭಾಂಗಣದಲ್ಲಿ ಕುರ್ಚಿಗಳನ್ನು ದುಂಡಗೆ, ಮೂರು ಸುತ್ತಾಗಿ ಹಾಕಿದ್ದರು. ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಅದರ ಮೇಲೆ ಹಳೆಯ ಪುಸ್ತಕಗಳನ್ನು ಜೋಡಿಸಿದ್ದರು. ರಾಜಶೇಖರ ಭೂಸನೂರಮಠ ಅವರ ವಿಜ್ಞಾನ ಕಾದಂಬರಿಗಳ ಹಳೆಯ ಪ್ರತಿಗಳು, ರಟ್ಟು ಕಟ್ಟಿಸಿದ ಮಾಸಪತ್ರಿಕೆಗಳು, ಮರಾಠಿಯಿಂದ ಬಂದ ಅನುವಾದಗಳು ಅಲ್ಲಿದ್ದವು. ಬಂದಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಪ್ರತಿಯೊಬ್ಬರೂ ಊಟದ ಖರ್ಚಿಗೆಂದು ಒಂದಿಷ್ಟು ಹಣ ಕೊಟ್ಟು ಹೆಸರು ಬರೆಸಿದ್ದರು. ಅತಿಥಿಯಾದ ನನ್ನನ್ನು ಬಿಟ್ಟರೆ ಎಲ್ಲರೂ ಕೆಲಸ ಹಂಚಿಕೊಂಡಿದ್ದರು. ನೀರು ತುಂಬುತ್ತಿದ್ದವರು ಬ್ಯಾಂಕಿನ ನಿವೃತ್ತ ಅಧಿಕಾರಿ ಎಂಬುದು ನನಗೆ ಮಧ್ಯಾಹ್ನದ ಮೇಲೆ ತಿಳಿಯಿತು.

ಇಂಥ ಕೂಟಗಳು ಮೊದಲು ಹೇಗೆ ಹುಟ್ಟಿದವೆಂಬುದನ್ನು ಬೆಳಗಿನ ಮೊದಲ ಮಾತಿನಲ್ಲಿ ಒಬ್ಬ ಗ್ರಂಥಪಾಲಕರು ವಿವರಿಸಿದರು. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು ಅಮೆರಿಕದಲ್ಲಿ 1926ರಲ್ಲಿ ವಿಜ್ಞಾನ ಕಥೆಗಳಿಗೆಂದೇ ಒಂದು ಪತ್ರಿಕೆಯನ್ನು ಆರಂಭಿಸಿ, ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚು ಹಾಕತೊಡಗಿದರು. ಊರಿಗೊಬ್ಬರಂತೆ ಒಂಟಿಯಾಗಿದ್ದ ಓದುಗರು ಆ ವಿಳಾಸ ಹಿಡಿದು ಪರಸ್ಪರ ಪತ್ರ ಬರೆದರು, ಸಣ್ಣ ಬಳಗಗಳನ್ನು ಕಟ್ಟಿದರು, ಕಡೆಗೆ 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 200 ಜನ ಸೇರಿ ಮೊದಲ ವಿಶ್ವ ಸಮ್ಮೇಳನವನ್ನು ನಡೆಸಿದರು. ಯುದ್ಧದ ಕಾರಣ 1942ರಿಂದ 1945ರವರೆಗೆ ಅದು ನಿಂತಿತ್ತು. ಗರ್ನ್ಸ್‌ಬ್ಯಾಕ್ ಅವರ ಹೆಸರಿನಲ್ಲಿ 1953ರಿಂದ ಕೊಡತೊಡಗಿದ ಹ್ಯೂಗೋ ಪ್ರಶಸ್ತಿಯನ್ನು ಇಂದಿಗೂ ನಿರ್ಧರಿಸುವುದು ಸಮ್ಮೇಳನದ ಸದಸ್ಯರ, ಅಂದರೆ ಓದುಗರ ಮತ. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಇನ್ನೊಂದು ಸಂಗತಿ: 1939ರ ಆ ಮೊದಲ ಸಮ್ಮೇಳನದ ಗೌರವ ಅತಿಥಿ ಲೇಖಕರಾಗಿರಲಿಲ್ಲ, ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದ ಫ್ರ್ಯಾಂಕ್ ಆರ್. ಪಾಲ್ ಆಗಿದ್ದರು. ಕಣ್ಣಿಗೆ ಕಾಣದ ಲೋಕವನ್ನು ಓದುಗರಿಗೆ ಮೊದಲು ತೋರಿಸಿದವರನ್ನೇ ಅವರು ಮೊದಲು ಕರೆದಿದ್ದರು.

ನಮ್ಮ ದೇಶದ ಮಾತೂ ಬಂತು. ಜಗದೀಶಚಂದ್ರ ಬೋಸರು 1896ರಲ್ಲಿ, ಕೇಶತೈಲದ ಕಂಪನಿಯೊಂದು ಏರ್ಪಡಿಸಿದ್ದ ಕಥಾಸ್ಪರ್ಧೆಗಾಗಿ, ಚಂಡಮಾರುತವನ್ನು ಒಂದು ಸೀಸೆ ಎಣ್ಣೆ ಶಾಂತಗೊಳಿಸುವ ಕಥೆಯನ್ನು ಬಂಗಾಳಿಯಲ್ಲಿ ಬರೆದಿದ್ದರು. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಥೆ ಕಳುಹಿಸುವಾಗ, ತಮ್ಮ ಖ್ಯಾತಿ ತೀರ್ಪಿಗೆ ಅಡ್ಡ ಬರಬಾರದೆಂದು ಬೇರೊಂದು ಹೆಸರನ್ನು ಇಟ್ಟುಕೊಂಡಿದ್ದರು, ಬಹುಮಾನವನ್ನೂ ಪಡೆದರು. 2021ರಲ್ಲಿ ಅವರನ್ನು ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿದರು. ಮರಾಠಿಯನ್ನು ಮನೆಮಾತಿನಂತೆ ಓದುವ ಧಾರವಾಡದಲ್ಲಿ ಆ ಹೆಸರು ಕೇಳಿದೊಡನೆ ಹಲವು ತಲೆಗಳು ಅಲ್ಲಾಡಿದವು.

ಈ ಬರವಣಿಗೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬ ಚರ್ಚೆ ಬಹಳ ಹೊತ್ತು ನಡೆಯಿತು. ಊಹಾತ್ಮಕ ಸಾಹಿತ್ಯ, ಸಂಭಾವ್ಯ ಸಾಹಿತ್ಯ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಸಂಘಟಕರೊಬ್ಬರ ತಾಯಿ, ಎಂಬತ್ತರ ಹತ್ತಿರದವರು, ಮಗನ ಮನೆಯಲ್ಲಿ ಈ ಪುಸ್ತಕಗಳನ್ನೆಲ್ಲ ಓದಿದ್ದವರು, ತಾವು ಇವನ್ನು "ಹಿಂಗಾದ್ರ ಹೆಂಗ ಕಥಿ" ಎಂದು ಕರೆಯುವುದಾಗಿ ಹೇಳಿದರು. ನನಗೆ ಅದಕ್ಕಿಂತ ಸರಿಯಾದ ಹೆಸರು ಇಂದಿಗೂ ಹೊಳೆದಿಲ್ಲ.

ಮಧ್ಯಾಹ್ನದ ಹೊತ್ತು ನನ್ನದಾಗಿತ್ತು. ನನ್ನ ಎರಡನೆಯ ಕಾದಂಬರಿ, ನವಲಗುಂದದ ಕಡೆಯ ಒಂದು ಕುಟುಂಬ ಮಂಗಳ ಗ್ರಹದಲ್ಲಿ ನೆಲೆ ನಿಂತ ಕಥೆ. ಅದರ ನಡುವೆ ಒಂದು ದೃಶ್ಯವಿದೆ. ಸಂಕಷ್ಟಿಯ ದಿನ ಇಡೀ ಹಗಲು ಉಪವಾಸವಿದ್ದ ಅಜ್ಜಿ, ಗಾಜಿನ ಗೋಡೆಯ ಮನೆಯಲ್ಲಿ ಮೂಡಣಕ್ಕೆ ಮುಖ ಮಾಡಿ, ಆರತಿ ತಟ್ಟೆ ಹಿಡಿದು ಚಂದ್ರೋದಯಕ್ಕೆ ಕಾಯುತ್ತಾಳೆ. ಬೆಟ್ಟದಂಚಿನಿಂದ ಅಲ್ಲಿನ ಚಂದ್ರ ಫೋಬೋಸ್ ಮೇಲೇರುತ್ತದೆ. ಓದಿದವರೆಲ್ಲ ಮೆಚ್ಚಿದ ದೃಶ್ಯವದು. ನಾನು ಅದನ್ನೇ ಓದಿದೆ. ಓದು ಮುಗಿದಾಗ ಎರಡನೆಯ ಸುತ್ತಿನಲ್ಲಿ ಕುಳಿತಿದ್ದ ಒಬ್ಬ ಪ್ರೌಢಶಾಲಾ ಶಿಕ್ಷಕರು ಎದ್ದು ನಿಂತು, ಬಹಳ ಸಂಕೋಚದಿಂದ ಹೇಳಿದರು:

"ಮೇಡಂರೀ, ಫೋಬೋಸ್ ಮೂಡಣಕ್ಕ ಹುಟ್ಟೂದಿಲ್ರೀ. ಪಡುವಣಕ್ಕ ಹುಟ್ಟಿ ಮೂಡಣಕ್ಕ ಮುಳಗತೈತಿ. ನಿಮ್ಮ ಅಜ್ಜಿ ಆರತಿ ಹಿಡಕೊಂಡು ಬ್ಯಾರೆ ದಿಕ್ಕಿಗೆ ನಿಂತಾಳ. ನಮ್ಮ ಸಾಲಿ ಹುಡುಗ್ರು ಕಂಡುಹಿಡದ್ರು. ಮೊದಲ ನಾನೂ ನಂಬಲಿಲ್ಲ."

ಅವರ ಮಾತು ನಿಜ. ಫೋಬೋಸ್ ಮಂಗಳನ ನೆಲದಿಂದ ಸುಮಾರು 6000 ಕಿ.ಮೀ. ಎತ್ತರದಲ್ಲಷ್ಟೇ ಇದ್ದು, 7 ಗಂಟೆ 39 ನಿಮಿಷಕ್ಕೊಮ್ಮೆ ಗ್ರಹವನ್ನು ಸುತ್ತುತ್ತದೆ. ಮಂಗಳ ತನ್ನ ಸುತ್ತ ಒಮ್ಮೆ ತಿರುಗುವುದಕ್ಕೆ ಇಪ್ಪತ್ನಾಲ್ಕೂವರೆ ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಗ್ರಹಕ್ಕಿಂತ ಚಂದ್ರನೇ ಮುಂದೋಡುವುದರಿಂದ ಅದು ಪಶ್ಚಿಮದಲ್ಲಿ ಕಾಣಿಸಿಕೊಂಡು, ನಾಲ್ಕು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಆಕಾಶ ದಾಟಿ, ಪೂರ್ವದಲ್ಲಿ ಮುಳುಗುತ್ತದೆ. ಈ ಅಂಕಿಗಳೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದವು. ಒಂದೇ ದಿನದಲ್ಲಿ ಎರಡು ಬಾರಿ ಅದು ಹುಟ್ಟುತ್ತದೆಂದು ಕಾದಂಬರಿಯ ಇನ್ನೊಂದು ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಆದರೂ ಅಜ್ಜಿಯ ದೃಶ್ಯಕ್ಕೆ ಬಂದಾಗ ಕೈ ತಾನಾಗಿ ಮೂಡಣವೆಂದು ಬರೆದಿತ್ತು.

ಶಿಕ್ಷಕರು ಅಷ್ಟಕ್ಕೇ ನಿಲ್ಲಿಸದೆ ಎಲ್ಲರನ್ನೂ ಹೊರಗಿನ ಮೈದಾನಕ್ಕೆ ಕರೆದರು. ಎಂಟನೆಯ ತರಗತಿಯ ಒಬ್ಬ ಹುಡುಗಿ ನಡುವೆ ನಿಂತು ಎರಡೂ ಕೈ ಚಾಚಿದಳು: ಎಡಗೈ ಮೂಡಣ, ಬಲಗೈ ಪಡುವಣ. ಅವಳು ಎಡಕ್ಕೆ ನಿಧಾನವಾಗಿ ತಿರುಗಬೇಕು, ಕಣ್ಣೆದುರು ಬಂದದ್ದನ್ನು ಕೂಗಿ ಹೇಳಬೇಕು. ದೂರದ ಬೇವಿನ ಮರ ಸೂರ್ಯ. ತಿರುಗುತ್ತ ಹೋದ ಹಾಗೆ ಮರ ಅವಳ ಎಡಗೈಯ ಕಡೆಯಿಂದ ಬಂದು ಬಲಗೈಯ ಕಡೆಗೆ ಸರಿದು ಮರೆಯಾಯಿತು. ಅನಂತರ ಒಬ್ಬ ಹುಡುಗ ಫೋಬೋಸ್ ಆಗಿ, ಅವಳು ತಿರುಗುವ ದಿಕ್ಕಿನಲ್ಲೇ ಅವಳ ಸುತ್ತ ಬಿರುಸಾಗಿ ನಡೆದ. ಅವಳು ಒಮ್ಮೆ ತಿರುಗುವಷ್ಟರಲ್ಲಿ ಅವನು ಮೂರು ಸುತ್ತು ಮುಗಿಸಿ ನಾಲ್ಕನೆಯದಕ್ಕೆ ಕಾಲಿಡುತ್ತಿದ್ದ. "ಬಲಗೈ ಕಡೆ ಬಂದಾ! ಎಡಗೈ ಕಡೆ ಹೋದಾ!" ಎಂದು ಹುಡುಗಿ ಪ್ರತಿ ಸಲ ಕೂಗುತ್ತಿದ್ದಳು. ಧೂಳಿನಲ್ಲಿ ಆ ಹುಡುಗನ ಹೆಜ್ಜೆ ಗುರುತುಗಳು ದುಂಡಗೆ ಮೂಡಿದ್ದವು. ನಾನು ಪುಸ್ತಕಗಳಲ್ಲಿ ಹತ್ತಾರು ಬಾರಿ ಓದಿದ್ದ ವಿಷಯ ನನ್ನ ಮೈಗೆ ತಿಳಿದದ್ದು ಆಗ.

ಒಳಗೆ ಬಂದ ಮೇಲೆ ಮಾತು ಭಾಷೆಯ ಕಡೆಗೆ ಹೊರಳಿತು. ನನ್ನ ಕೈ ಏಕೆ ತಪ್ಪಿತೆಂದು ಯೋಚಿಸುತ್ತ ನಾನೇ ಆ ಮಾತು ತೆಗೆದೆ. ಕನ್ನಡದಲ್ಲಿ ಮೂಡು ಎಂದರೆ ಉದಯಿಸು. ಮೂಡಣ ಎಂದರೆ ಪೂರ್ವ. ಪಡು ಎಂದರೆ ಬೀಳು, ಮುಳುಗು. ಪಡುವಣ ಎಂದರೆ ಪಶ್ಚಿಮ. ಈ ನೆಲದ ಸೂರ್ಯ ಚಂದ್ರರನ್ನು ನೋಡಿ ನೋಡಿ ಹಿರಿಯರು ದಿಕ್ಕಿಗೂ ಹುಟ್ಟಿಗೂ ಒಂದೇ ಬೇರಿನ ಮಾತನ್ನು ಕೊಟ್ಟಿದ್ದಾರೆ. ಹಾಗಿರುವಾಗ ಪಡುವಣದಲ್ಲಿ ಮೂಡುವುದೆಂಬ ಮಾತು ಕಿವಿಗೇ ಅಡ್ಡ ಬರುತ್ತದೆ. ಮಂಗಳನ ಮೇಲಿನ ಕನ್ನಡಿಗರು ಏನೆನ್ನುತ್ತಾರೆ? ಶಿಕ್ಷಕರು ತಾವು ಬಳಸಿದ "ಹುಟ್ಟು" ಎಂಬ ಕ್ರಿಯಾಪದವೇ ಸಾಕೆಂದರು. ಒಬ್ಬ ತರುಣ, ದಿಕ್ಕುಗಳಿಗೆ ಬೇರೆ ಹೆಸರು ಬೇಕೆಂದ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಗದಗಿನ ಮುದ್ರಣಾಲಯಗಳಲ್ಲಿ ಬಹಳ ವರ್ಷ ಮೊಳೆ ಜೋಡಿಸಿದ್ದ ಹಿರಿಯರೊಬ್ಬರು, ಅಲ್ಲೇ ಹುಟ್ಟಿದ ಮಕ್ಕಳಿಗೆ ಪಡುವಣದಲ್ಲಿ ಮೂಡುವುದೆಂಬ ಮಾತಿನಲ್ಲಿ ಯಾವ ತೊಡಕೂ ಕಾಣಲಾರದು, ಮಾತಿನ ಮೂಲ ಮರೆತರೂ ಮಾತು ನಡೆಯುತ್ತದೆ, ಆದ್ದರಿಂದ ಅದನ್ನು ಹಾಗೆಯೇ ಇಡಬೇಕು ಎಂದು ನಿಧಾನವಾಗಿ ಹೇಳಿದರು. ನಾನು ಅವರ ಪಕ್ಷ. ಬೇರೆ ಲೋಕದ ಕಥೆಯೆಂದರೆ ಬೇರೆ ಲೋಕಕ್ಕೆ ಹೋದ ನಮ್ಮ ಮಾತಿನ ಕಥೆಯೂ ಹೌದು. ಆ ಮಾತು ಅಲ್ಲಿ ಎಲ್ಲಿ ಎಡವುತ್ತದೆ, ಎಡವಿ ಹೇಗೆ ಏಳುತ್ತದೆ ಎಂಬುದನ್ನು ತೋರಿಸುವುದು ಬರೆಯುವವರ ಹೊಣೆಯೆಂದು ನಾನು ನಂಬುತ್ತೇನೆ.

ಸಂಜೆ ಗಿರಮಿಟ್, ಮಿರ್ಚಿ, ಚಹಾ. ಚಹಾ ಕುಡಿಯುತ್ತ ಒಬ್ಬರು ಫೋಬೋಸಿನ ಅಳತೆಯನ್ನು ಊರಿನ ಲೆಕ್ಕದಲ್ಲಿ ಹೇಳಿದರು. ಅದರ ಉದ್ದನೆಯ ಮೈ ಸುಮಾರು 27 ಕಿ.ಮೀ., ಗಿಡ್ಡ ಮೈ ಸುಮಾರು 18 ಕಿ.ಮೀ.; ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಅವಳಿ ನಗರದ ಚಿಗರಿ ಬಸ್ಸು ಒಂದು ತಾಸಿನೊಳಗೆ ದಾಟುವಷ್ಟು ಸಣ್ಣ ಚಂದ್ರ ಅದು.

ಭಾನುವಾರ

ಎರಡನೆಯ ದಿನ ಓದುಗರು ಬರೆದ ಕಥೆಗಳ ಓದು. ಪ್ರಕಟವಾದ ಕಾದಂಬರಿಗಳ ಲೋಕ, ಪಾತ್ರಗಳನ್ನು ತೆಗೆದುಕೊಂಡು ಮುಂದುವರಿಸಿದ ಕಥೆಗಳೂ ಅವುಗಳಲ್ಲಿದ್ದವು. ಹಾವೇರಿಯ, ಬಿ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗಿ ನನ್ನ ಅಜ್ಜಿಯ ಕಥೆಯನ್ನು ಬರೆದಿದ್ದಳು. ಹಾಳೆಯ ತಲೆಯಲ್ಲಿ ನನ್ನ ಕಾದಂಬರಿಯ ಹೆಸರನ್ನೂ ಪುಟದ ಸಂಖ್ಯೆಯನ್ನೂ ಬರೆದು, ಈ ಅಜ್ಜಿ ಅಲ್ಲಿಂದ ಬಂದವಳು ಎಂದು ಗುರುತಿಸಿದ್ದಳು. ನಾನು ಕೊಂದಿದ್ದ ಅಜ್ಜಿ ಅವಳ ಕಥೆಯಲ್ಲಿ ಬದುಕಿದ್ದಳು. ಅದನ್ನು ಕೇಳಿದ ಮೊದಲ ಕ್ಷಣ ನನಗೆ ಕಸಿವಿಸಿಯಾಯಿತು. ನನ್ನ ಮನೆಯ ಪೆಟ್ಟಿಗೆಯನ್ನು ಮತ್ತೊಬ್ಬರು ತೆರೆದಂತೆ ಅನಿಸಿತು.

ಅವಳ ಕಥೆ ಹೀಗಿತ್ತು. ಮೊಮ್ಮಗಳು ಅಜ್ಜಿಗೆ ಫೋಬೋಸ್ ಪಡುವಣದಲ್ಲಿ ಹುಟ್ಟುತ್ತದೆಂದು ತೋರಿಸುತ್ತಾಳೆ. ಇನ್ನೊಂದು ಚಂದ್ರ ಡೈಮೋಸ್ ಮೂಡಣದಲ್ಲೇ ಹುಟ್ಟುವುದು ನಿಜ, ಆದರೆ ಅದು 30 ಗಂಟೆಗೊಮ್ಮೆ ಸುತ್ತುವುದರಿಂದ ಎರಡೂವರೆ ದಿನಕ್ಕೂ ಹೆಚ್ಚು ಕಾಲ ಆಕಾಶದಲ್ಲೇ ಇರುತ್ತದೆ, ಚುಕ್ಕಿಯಷ್ಟು ಸಣ್ಣದು. ಯಾವ ಚಂದ್ರನಿಗೆ ಉಪವಾಸ ಬಿಡಬೇಕು? ಅಜ್ಜಿ ಎರಡು ದಿನ ಯೋಚಿಸಿ, ಇವೆರಡೂ ನಾನು ವ್ರತ ಹಿಡಿದ ಚಂದ್ರನಲ್ಲ ಎನ್ನುತ್ತಾಳೆ. ಸೂರ್ಯ ಮುಳುಗಿದ ಮೇಲೆ ಪಡುವಣದ ಮಸುಕು ಬೆಳಕಿನಲ್ಲಿ, ನಮಗೆ ಇಲ್ಲಿ ಶುಕ್ರ ಕಾಣುವ ಹಾಗೆ, ಅಲ್ಲಿ ಭೂಮಿ ಒಂದು ಹೊಳೆಯುವ ಚುಕ್ಕಿಯಾಗಿ ಕಾಣುತ್ತದೆ. ಅದರ ಪಕ್ಕಕ್ಕೆ ಇನ್ನೊಂದು, ಸಣ್ಣ ಚುಕ್ಕಿ. ಅದೇ ನವಲಗುಂದದ ಅಂಗಳದಿಂದ ಅಜ್ಜಿ ನೋಡುತ್ತಿದ್ದ ಚಂದ್ರ. ಅವಳು ಅದಕ್ಕೆ ಆರತಿ ಎತ್ತುತ್ತಾಳೆ. ಭೂಮಿ ಸೂರ್ಯನ ಬೆಳಕಿನಲ್ಲಿ ಮರೆಯಾಗುವ ತಿಂಗಳುಗಳಲ್ಲಿ ಅವಳಿಗೆ ಚಂದ್ರದರ್ಶನವೇ ಇಲ್ಲ. ಆ ತಿಂಗಳ ಉಪವಾಸವನ್ನು ಅವಳು ಯಾರಿಗೂ ಹೇಳದೆ ಮರುದಿನಕ್ಕೂ ಎಳೆಯುತ್ತಾಳೆ.

ಸಭೆ ನಿಶ್ಶಬ್ದವಾಗಿತ್ತು. ಇದು ಕೇವಲ ಕಲ್ಪನೆಯಲ್ಲ. ಕ್ಯೂರಿಯಾಸಿಟಿ ಎಂಬ ಶೋಧಕ ಬಂಡಿ 2014ರ ಜನವರಿ 31ರಂದು ಮಂಗಳನ ನೆಲದಿಂದ, ಸೂರ್ಯ ಮುಳುಗಿ 80 ನಿಮಿಷಗಳ ಮೇಲೆ ತೆಗೆದ ಚಿತ್ರದಲ್ಲಿ ಭೂಮಿಯೂ ಚಂದ್ರನೂ ಜೋಡಿ ಚುಕ್ಕಿಗಳಾಗಿ ಕಾಣುತ್ತವೆ. ಅಲ್ಲಿ ನಿಂತ ಮನುಷ್ಯನಿಗೆ ಬರಿಗಣ್ಣಿಗೂ ಎರಡೂ ಬೇರೆ ಬೇರೆಯಾಗಿ ಕಂಡಾವು. ಅದೇ ವರ್ಷದ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನವೂ ಆ ಗ್ರಹದ ಕಕ್ಷೆಯನ್ನು ಸೇರಿತು. ಆಗ ಈ ಹುಡುಗಿ ಪ್ರಾಥಮಿಕ ಶಾಲೆಯಲ್ಲಿದ್ದಳಂತೆ. ಶಾಲೆಯಲ್ಲಿ ಪೇಡೆ ಹಂಚಿದ್ದು ಅವಳಿಗೆ ನೆನಪಿದೆ. ನನ್ನ ಕಸಿವಿಸಿ ಆ ಹೊತ್ತಿಗೆ ಕರಗಿ ಹೋಗಿತ್ತು. ನಾನು ಅಜ್ಜಿಗೆ ಕೊಟ್ಟದ್ದು ಒಂದು ಚೆಲುವಾದ ಚಿತ್ರ. ಈ ಹುಡುಗಿ ಅವಳಿಗೆ ಮನೆಯನ್ನು ಬಿಟ್ಟುಬಂದ ನೋವನ್ನು ಕೊಟ್ಟಿದ್ದಳು, ಅದೂ ಆಕಾಶದ ಲೆಕ್ಕ ಒಂದಿಷ್ಟೂ ತಪ್ಪದೆ.

ನಿನ್ನೆ ಹೆಸರಿಟ್ಟ ಹಿರಿಯ ತಾಯಿ ಆಗ ನನ್ನ ಕಡೆಗೆ ತಿರುಗಿ ಹೇಳಿದರು: "ಸಂಕಷ್ಟಿ ಮಂಗಳವಾರ ಬಂದ್ರ ಅಂಗಾರಕ ಸಂಕಷ್ಟಿ ಅಂತೀವಿ, ಹೌದಲ್ಲವಾ ತಂಗಿ? ಅಂಗಾರಕ ಅಂದ್ರ ಮಂಗಳನೇ. ಅಂವನ ಮ್ಯಾಲೇ ಮನಿ ಮಾಡಿದ ಮುದುಕಿಗೆ ಯಾವ ವಾರ ಬಂದ್ರೂ ಅಂಗಾರಕನೇ ಆತು." ಅಷ್ಟು ಪುಟ ಬರೆದ ನನಗೂ, ಅಷ್ಟು ಲೆಕ್ಕ ಹಾಕಿದ ಶಿಕ್ಷಕರಿಗೂ ಈ ಮಾತು ಹೊಳೆದಿರಲಿಲ್ಲ. ವ್ರತವನ್ನು ಬದುಕಿನಲ್ಲಿ ಆಚರಿಸಿದವರಿಗೇ ಅದು ಹೊಳೆಯಬೇಕಿತ್ತು.

ಊಟದ ಮೇಲೆ ಮತದಾನ. ಖಾಲಿ ಪೇಡೆ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಮತಪೆಟ್ಟಿಗೆಯಾಗಿಸಿದ್ದರು. ನನಗೂ ಎಲ್ಲರಂತೆ ಒಂದೇ ಚೀಟಿ. ಎಣಿಕೆಯಾದಾಗ ಹಾವೇರಿಯ ಹುಡುಗಿಯ ಕಥೆ ಎರಡನೆಯದಾಯಿತು. ಕೃಷ್ಣಮೃಗಗಳು ಮಾತು ಕಲಿತ ಊರಿನ ಕಥೆಯೊಂದು ಮೊದಲನೆಯದಾಯಿತು. ನನಗೆ ಸ್ವಲ್ಪ ಬೇಸರವಾಯಿತೆಂದು ಬರೆದರೆ ತಪ್ಪಿಲ್ಲ.

ಹಸ್ತಾಕ್ಷರಕ್ಕೆಂದು ಒಂದು ತಾಸು ಇಟ್ಟಿದ್ದರು. ಬಂದ ಪ್ರತಿಗಳನ್ನು ನೋಡಿದಾಗ ನನ್ನ ಹಳೆಯ ಸಂದೇಹಕ್ಕೆ ಬೇರೆ ಉತ್ತರ ಬೇಕಾಗಲಿಲ್ಲ. ಒಂದರ ಅಂಚಿನಲ್ಲಿ ಪೆನ್ಸಿಲಿನಿಂದ ಮನೆಯ ನಕಾಶೆ ಬರೆದಿದ್ದರು, ನಾನು ಎಲ್ಲಿಯೂ ಒಟ್ಟಾಗಿ ವಿವರಿಸದ ಮನೆ, ಅಲ್ಲಲ್ಲಿ ಹೇಳಿದ್ದನ್ನು ಹೆಕ್ಕಿ ಕೂಡಿಸಿದ್ದು. ಇನ್ನೊಂದರಲ್ಲಿ ಪಾತ್ರಗಳ ವಯಸ್ಸನ್ನು ಮಂಗಳನ ವರ್ಷದಲ್ಲಿ, ಅಂದರೆ ನಮ್ಮ 687 ದಿನಗಳಿಗೆ ಒಂದರಂತೆ, ಲೆಕ್ಕ ಹಾಕಿದ್ದರು. ಒಬ್ಬ ಹುಡುಗ ಬಿಳಿ ಹಾಳೆಯೊಂದನ್ನು ಮುಂದೆ ಹಿಡಿದು, ಪುಸ್ತಕ ಗ್ರಂಥಾಲಯದ್ದು, ಅದರ ಮೇಲೆ ಬರೆಯಬಾರದು, ಇದರ ಮೇಲೆ ಸಹಿ ಮಾಡಿ ಎಂದ. ಅವನು ಪುಸ್ತಕವನ್ನು ಮೂರು ಬಾರಿ ತಂದು ಓದಿದ್ದನ್ನು ಹಿಂಬದಿಯ ಚೀಟಿಯ ಮೇಲಿನ ದಿನಾಂಕದ ಮುದ್ರೆಗಳು ಹೇಳುತ್ತಿದ್ದವು.

ಬೀಳ್ಕೊಡುವಾಗ ಹಾರ ಹಾಕಲಿಲ್ಲ, ಮಾತು ಉಳಿಸಿಕೊಂಡರು. ಶಿಕ್ಷಕರ ಶಾಲೆಯ ಮಕ್ಕಳು ತಯಾರಿಸಿದ, ದಾರದಿಂದ ಹೊಲಿದ ಒಂದು ಪುಸ್ತಕವನ್ನು ಕೈಗಿತ್ತರು: ನನ್ನ ಕಾದಂಬರಿಯ ಊರಿಗೆ ಒಂದು ಪಂಚಾಂಗ. ಗೆರೆ ಎಳೆದ ಹಾಳೆಗಳು, ಕೆಂಪು ಶಾಯಿಯಲ್ಲಿ ಸೂರ್ಯೋದಯ, ನೀಲಿಯಲ್ಲಿ ಫೋಬೋಸ್. ಒಮ್ಮೆ ಹುಟ್ಟಿದ ಫೋಬೋಸ್ ಮತ್ತೆ ಹುಟ್ಟುವುದಕ್ಕೆ 11 ಗಂಟೆ 6 ನಿಮಿಷ ಹಿಡಿಯುತ್ತದೆ. ಮೊದಲ ದಿನ ಬೆಳಗಿನ 5 ಗಂಟೆಗೆ ಆರಂಭಿಸಿ, ಸಂಜೆ 4 ಗಂಟೆ 6 ನಿಮಿಷ ಎಂದು ಬರೆದು, ಹೀಗೆ ಪುಟದಿಂದ ಪುಟಕ್ಕೆ ಕೂಡಿಸುತ್ತ ಹೋಗಿದ್ದರು. ಅಲ್ಲಿನ ಹಗಲು ಇರುಳಿನ ಒಂದು ದಿನಕ್ಕೆ 24 ಗಂಟೆ 39 ನಿಮಿಷ 35 ಸೆಕೆಂಡು. ಆ 35 ಸೆಕೆಂಡುಗಳನ್ನು ಅವರು ಒಂದು ಸಾಲಿನಲ್ಲೂ ಬಿಟ್ಟಿರಲಿಲ್ಲ. ಒಂದು ಕಡೆ ಲೆಕ್ಕ ತಪ್ಪಿ, ಅದರ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ ಮತ್ತೆ ಬರೆದಿದ್ದರು. ಆ ಚೂರಿನ ಮೇಲೆ ಅಂಟಿನ ಗುರುತು ಇನ್ನೂ ಹಸಿಯಾಗಿತ್ತು.

ಸೋಮವಾರ

ಹಿಂದಿರುಗುವ ರೈಲು ರಾತ್ರಿಗೆ ಇದ್ದುದರಿಂದ ಶಿಕ್ಷಕರು, ಅವರ ಶ್ರೀಮತಿಯವರು, ಹಾವೇರಿಯ ಹುಡುಗಿ ಮತ್ತು ನಾನು ಗದಗಿಗೆ ಹೊರಟೆವು. ಹುಬ್ಬಳ್ಳಿಯವರೆಗೆ ಚಿಗರಿ ಬಸ್ಸು, ಅಲ್ಲಿಂದ ಅಣ್ಣಿಗೇರಿಯ ದಾರಿ. ಎರಡೂ ಬದಿಗೆ ಕಡಲೆ, ಗೋಧಿ, ಒಣಗಲು ಹರವಿದ ಮೆಣಸಿನಕಾಯಿ.

ವೀರನಾರಾಯಣ ದೇವಾಲಯದಲ್ಲಿ ಜನ ಕಡಿಮೆಯಿದ್ದರು. ಗದುಗಿನ ನಾರಣಪ್ಪ ಕುಳಿತು ಭಾರತವನ್ನು ಬರೆದನೆಂದು ಹೇಳುವ ಕಂಬದ ಮುಂದೆ ನಾವು ಬಹಳ ಹೊತ್ತು ನಿಂತೆವು. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕುಳಿತರೆ, ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತೆಂಬ ಕಥೆಯನ್ನು ಶಿಕ್ಷಕರ ಶ್ರೀಮತಿಯವರು ಹೇಳಿದರು. ಅವರ ತವರು ಕವಿಯ ಊರಾದ ಕೋಳಿವಾಡದ ಬಳಿಯದು.

ಹುಡುಗಿಗೆ ನಾನು ಹಿಂದಿನ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಅವಳೇ ಅಲ್ಲಿ ಎತ್ತಿದಳು. "ಅಕ್ಕಾರ, ನಿಮ್ಮ ಅಜ್ಜೀನ ನಾನು ಹಂಗ ತಗೋಬಾರದಿತ್ತೇನ್ರಿ?" ಎಂದಳು. ಆ ಕಂಬದೆದುರು ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಾಗಿತ್ತು. ನಾರಣಪ್ಪ ತೆಗೆದುಕೊಂಡದ್ದು ವ್ಯಾಸರ ಕಥೆಯನ್ನು. ಹದಿನೆಂಟು ಪರ್ವಗಳಲ್ಲಿ ಹತ್ತನ್ನೇ ಆರಿಸಿ, ತನ್ನ ಕೃಷ್ಣನನ್ನು ನಡುವೆ ನಿಲ್ಲಿಸಿ, ತನ್ನ ಭಾಮಿನಿಯಲ್ಲಿ ಹಾಡಿ, ತನ್ನನ್ನು ಕುಮಾರವ್ಯಾಸನೆಂದು ಕರೆದುಕೊಂಡ. ಯಾರಿಂದ ಪಡೆದೆನೆಂಬುದನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು ನಡೆದವನು ಅವನು. ಅವಳೂ ತನ್ನ ಹಾಳೆಯ ತಲೆಯಲ್ಲಿ ನನ್ನ ಪುಟದ ಸಂಖ್ಯೆಯನ್ನು ಬರೆದಿದ್ದಳಲ್ಲ, ಅಷ್ಟು ಸಾಕೆಂದು ಹೇಳಿದೆ.

ಆಮೇಲೆ ನನ್ನ ಮಾತು. ಕಾದಂಬರಿಯ ಮರುಮುದ್ರಣ ಬರಲಿದೆ; ತಪ್ಪು ತಿದ್ದಬೇಕು. ಭೂಮಿಯ ಪಕ್ಕದ ಚುಕ್ಕಿಗೆ ಆರತಿ ಎತ್ತುವ ಅವಳ ದೃಶ್ಯ ನನ್ನದಕ್ಕಿಂತ ಮೇಲಾದದ್ದು. ಅದನ್ನು ಬಳಸಿಕೊಳ್ಳಿರೆಂದು ಅವಳು ಸಂತೋಷದಿಂದಲೇ ಹೇಳಿದಳು. ನಾನು ಒಪ್ಪಲಿಲ್ಲ. ಅದು ಅವಳ ಹೆಸರಿನಲ್ಲಿ ಅಚ್ಚಾಗಬೇಕು, ಎಲ್ಲಿಗೆ ಕಳುಹಿಸಬೇಕೆಂದು ನಾನು ತಿಳಿಸುವೆ. ನನ್ನ ಅಜ್ಜಿಗೆ ಫೋಬೋಸೇ ಇರಲಿ, ಸರಿಯಾದ ದಿಕ್ಕಿನಲ್ಲಿ. ಶಿಕ್ಷಕರು ನಡುವೆ ಬಂದು, ಕುಮಾರವ್ಯಾಸ ತಾನು ಬರೆದದ್ದನ್ನು ಅಳಿಸದ ಹಿರಿಮೆ ತನ್ನದೆಂದು ಹೇಳಿಕೊಂಡಿದ್ದಾನೆ ಎಂದು ನೆನಪಿಸಿದರು. ಆ ಶಕ್ತಿ ಅವನದು. ಬಿಳಿ ಕಾಗದದ ಚೂರು ಅಂಟಿಸಿ ಮತ್ತೆ ಬರೆದ ಎಂಟನೆಯ ತರಗತಿಯ ಮಕ್ಕಳ ದಾರಿ ನನಗೆ ಹತ್ತಿರದ್ದು.

ರಾತ್ರಿ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣಕ್ಕೆ ಶಿಕ್ಷಕ ದಂಪತಿಗಳು ಬಂದು ಬೀಳ್ಕೊಟ್ಟರು. 1507 ಮೀಟರ್ ಉದ್ದದ ಅಲ್ಲಿನ ಪ್ಲಾಟ್‌ಫಾರ್ಮಿನ ಮೇಲೆ ಪೇಡೆ ಡಬ್ಬಿ, ರೊಟ್ಟಿ ಗಂಟು, ಪಂಚಾಂಗ ಹಿಡಿದು ನಮ್ಮ ಬೋಗಿಯನ್ನು ಹುಡುಕುತ್ತ ನಡೆದೆವು. ಹುಡುಗಿ ನನ್ನೊಂದಿಗೆ ಹಾವೇರಿಯವರೆಗೆ ಬಂದಳು. ದಾರಿಯಲ್ಲಿ ತನ್ನ ಮುಂದಿನ ಕಥೆಯ ಬಗ್ಗೆ ಹೇಳಿದಳು; ಅದರಲ್ಲಿ ನನ್ನ ಪಾತ್ರಗಳು ಯಾರೂ ಇರಲಿಲ್ಲ.

ಅವಳು ಇಳಿದ ಮೇಲೆ ದೀಪ ಹಾಕಿಕೊಂಡು ಕಾದಂಬರಿಯನ್ನು ತೆರೆದೆ. ಮೂಡಣವೆಂಬ ಒಂದು ಪದವನ್ನು ಪಡುವಣವೆಂದು ಬದಲಾಯಿಸಿದರೆ ಸಾಲದೆಂಬುದು ಓದುತ್ತ ಹೋದಂತೆ ತಿಳಿಯಿತು. ಅಜ್ಜಿ ನಿಲ್ಲುವ ಗಾಜಿನ ಗೋಡೆ ಮೂಡಣದ್ದು. ಅದರ ಕೆಳಗೆ ತುಳಸಿಯ ಕುಂಡವಿದೆ, ಬೆಳಗಿನ ಬಿಸಿಲು ಅದರ ಮೇಲೆ ಬೀಳುವುದನ್ನು ಮೊದಲ ಅಧ್ಯಾಯದಲ್ಲೇ ಬರೆದಿದ್ದೇನೆ. ಹಾಗಾಗಿ ತುಳಸಿ ಅಲ್ಲಿಯೇ ಇರಬೇಕು. ಅಜ್ಜಿ ಮಾತ್ರ ಆರತಿ ತಟ್ಟೆ ಹಿಡಿದು ಅಡುಗೆಮನೆಯನ್ನು ದಾಟಿ ಮನೆಯ ಹಿಂಬದಿಗೆ ಬರಬೇಕು. ಓದುಗರೊಬ್ಬರು ಬರೆದ ನಕಾಶೆಯ ಪ್ರತಿಯನ್ನು ಕೇಳಿ ಪಡೆದಿದ್ದೆ. ಅದನ್ನು ತೊಡೆಯ ಮೇಲೆ ಹರವಿ, ಅಡುಗೆಮನೆಯ ಪಡುವಣ ಗೋಡೆಗೆ ಪೆನ್ಸಿಲಿನಿಂದ ಒಂದು ಕಿಟಕಿ ಇಟ್ಟೆ. ಅಜ್ಜಿಯ ಎತ್ತರಕ್ಕೆ ಅದು ಮೇಲಾಯಿತೆನಿಸಿ, ಅಳಿಸಿ, ಸ್ವಲ್ಪ ಕೆಳಗೆ ಬರೆದೆ.